ನೂರು ಕೆಜಿ ದಾಟಿದವರ ಆಫೀಸ್ ಸೈಕಲ್: ಮೊದಲ ಖರ್ಚು ಹಿಂದಿನ ಚಕ್ರಕ್ಕೆ

"ಸ್ವಲ್ಪ ತೂಕ ಇಳಿಸ್ಕೊಂಡು ಆಮೇಲೆ ಸೈಕಲ್ ತಗೋತೀನಿ" ಎನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಮೈ ದಪ್ಪ ಇದ್ದರೂ ಸೈಕಲ್ ತುಳಿಯಲು ಧಾರಾಳವಾಗಿ ಆಗುತ್ತದೆ. ತೊಂದರೆ ಇರುವುದು ಸೈಕಲ್‌ನ ಕೆಲವೇ ಕೆಲವು ಭಾಗಗಳಲ್ಲಿ. ಯಾವುದು ಮೊದಲು ಕೈಕೊಡುತ್ತದೆ ಎಂದು ಗೊತ್ತಿದ್ದರೆ, ಅದನ್ನು ಮಾತ್ರ ಬದಲಿಸಿ ಈಗಿನ ಸೈಕಲ್‌ನಲ್ಲೇ ದಿನಾ ಕೆಲಸಕ್ಕೆ ಹೋಗಬಹುದು.

ಮೊದಲು ತೂಕದ ಲೆಕ್ಕ

ಆಫೀಸಿಗೆ ಹೊರಟ ಅವತಾರದಲ್ಲೇ ತೂಕದ ಮಷಿನ್ ಮೇಲೆ ನಿಲ್ಲಿ. ಶೂ, ಬ್ಯಾಗು, ಲ್ಯಾಪ್‌ಟಾಪ್, ಟಿಫನ್ ಡಬ್ಬಿ, ನೀರಿನ ಬಾಟಲಿ, ಸೈಕಲ್ ಬೀಗ ಎಲ್ಲ ಸೇರಿ. 98 ಕೆಜಿ ಇದ್ದವರು ಸುಲಭವಾಗಿ 105 ದಾಟುತ್ತಾರೆ. ಈಗ ಸೈಕಲ್ ಜೊತೆ ಕೊಟ್ಟ ಪುಸ್ತಕ ಹುಡುಕಿ, ಗರಿಷ್ಠ ತೂಕ ಎಷ್ಟು ಎಂದು ನೋಡಿ. ಬಹಳಷ್ಟು ಸೈಕಲ್‌ಗಳಲ್ಲಿ ಅದು 100ರಿಂದ 120 ಕೆಜಿ. ಕೆಲವು ಕಂಪನಿಗಳು ಸವಾರ ಮತ್ತು ಸಾಮಾನು ಎರಡನ್ನೂ ಸೇರಿಸಿ ಹೇಳುತ್ತವೆ, ಕೆಲವು ಸೈಕಲ್‌ನ ತೂಕವನ್ನೂ ಸೇರಿಸುತ್ತವೆ. ಸೈಕಲ್ಲೇ 14-15 ಕೆಜಿ ತೂಗುವುದರಿಂದ ಆ ಸಣ್ಣ ಅಕ್ಷರಗಳನ್ನು ಓದಲೇಬೇಕು. ನಿಮ್ಮ ಲೆಕ್ಕ ಆ ಮಿತಿ ದಾಟಿದ್ದರೆ ಮುಂದೆ ಹೇಳುವ ಯಾವುದಕ್ಕೂ ದುಡ್ಡು ಹಾಕಬೇಡಿ. ಗಟ್ಟಿ ಫ್ರೇಮಿನ ಬೇರೆ ಸೈಕಲ್ ನೋಡಿ.

ಬಿಪಿ, ಶುಗರ್, ಎದೆನೋವು, ಮಂಡಿನೋವು ಇರುವವರು ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ ಶುರು ಮಾಡಿ. ಶುಗರ್‌ಗೆ ಔಷಧಿ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಳ್ಳುವುದು ಕ್ಷೇಮ.

ಹಿಂದಿನ ಚಕ್ರ

ಸೈಕಲ್ ಮೇಲೆ ಕೂತಾಗ ನಮ್ಮ ಭಾರದ ಸುಮಾರು ಶೇ 60 ಭಾಗ ಹಿಂದಿನ ಚಕ್ರಕ್ಕೆ ಬೀಳುತ್ತದೆ. ಬೆನ್ನು ನೇರವಾಗಿಟ್ಟು ಕೂರುವ ಸೈಕಲ್ ಆದರೆ ಇನ್ನೂ ಜಾಸ್ತಿ. ಹಾಲಿನವರ ಹಳೇ ಕರಿ ಸೈಕಲ್ ನೋಡಿದ್ದೀರಲ್ಲ? ಅದರ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಎಲ್ಲಿ ಬೀಳುತ್ತದೆ ಎಂದು ಅದನ್ನು ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಈಗಿನ ಬಹಳಷ್ಟು ಸೈಕಲ್‌ಗಳಲ್ಲಿ ಎರಡೂ ಚಕ್ರಕ್ಕೆ ಒಂದೇ ಲೆಕ್ಕ: 32 ಅಥವಾ 36. ಸ್ಟೈಲಾಗಿ ಕಾಣುವ ರೋಡ್ ಬೈಕ್‌ಗಳಲ್ಲಿ 24, 20ಕ್ಕೂ ಇಳಿದಿರುತ್ತದೆ.

ಗುಂಡಿಗೆ ಬಿದ್ದಾಗ ಕಡ್ಡಿ ಮುರಿಯುತ್ತದೆ ಎಂದು ಎಲ್ಲರ ನಂಬಿಕೆ. ಬಹಳಷ್ಟು ಸಲ ಅದು ನಿಧಾನವಾಗಿ ಸಾಯುತ್ತಾ ಬಂದಿರುತ್ತದೆ. ಚಕ್ರ ಒಂದು ಸುತ್ತು ತಿರುಗಿದಾಗ, ನೆಲದ ಕಡೆ ಬಂದ ಕಡ್ಡಿಯ ಬಿಗಿ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಕಡ್ಡಿ ಮೊದಲೇ ಸಡಿಲವಿದ್ದು, ಮೇಲೆ ಭಾರವೂ ಜಾಸ್ತಿ ಇದ್ದರೆ ಈ ಎಳೆದಾಟದಲ್ಲಿ ಲೋಹ ದಣಿದು, ಹಬ್ (ಚಕ್ರದ ನಡುವಿನ ಭಾಗ) ಹತ್ತಿರ ಬಾಗಿದ ಜಾಗದಲ್ಲಿ ಪಟ್ ಅನ್ನುತ್ತದೆ. ಅಂದರೆ ಬಿಗಿ ಕಡಿಮೆ ಇರುವುದೇ ಅಪಾಯ.

ಮನೆಯಲ್ಲೇ ನೋಡಿ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಹಿಂದಿನ ಚಕ್ರದ ಬಲಗಡೆ (ಗೇರ್ ಇರುವ ಕಡೆ) ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟುತ್ತಾ ಹೋಗಿ. ಎಲ್ಲವೂ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು. ಒಂದು ಟಿಂಗ್ ಅಂದು ಪಕ್ಕದ್ದು ಸದ್ದೇ ಬರದೆ ಅಲುಗಾಡಿದರೆ ಬಿಗಿ ಹೊಂದಿಲ್ಲ ಎಂದರ್ಥ. ಆಮೇಲೆ ಎಡಗಡೆ. ಅಲ್ಲಿಯ ಸ್ವರ ಬಲಗಡೆಗಿಂತ ಇಳಿದಿರುತ್ತದೆ, ಗಾಬರಿ ಬೇಡ. ಗೇರ್ ಹಲ್ಲುಚಕ್ರಗಳಿಗೆ ಜಾಗ ಬಿಡಲು ಬಲಗಡೆ ಕಡ್ಡಿಗಳನ್ನು ನೆಟ್ಟಗೆ, ಜಾಸ್ತಿ ಬಿಗಿಯಾಗಿ ಕಟ್ಟಿರುತ್ತಾರೆ.

ಅಂಗಡಿಗೆ ಹೋಗಿ "ಅಣ್ಣಾ, ಬೆಂಡ್ ತೆಗೀರಿ" ಎಂದರೆ ಚಕ್ರ ನೇರವಾಗಿ ತಿರುಗುವ ಹಾಗೆ ಮಾಡಿಕೊಡುತ್ತಾರೆ. ಅಷ್ಟು ಸಾಲದು. ಕೆಲವು ಕಡ್ಡಿ ಸಡಿಲ, ಕೆಲವು ವಿಪರೀತ ಬಿಗಿ ಇದ್ದರೂ ಚಕ್ರ ನೇರವಾಗಿಯೇ ತಿರುಗಬಲ್ಲದು. "ಒಂದೊಂದು ಕಡೆಯ ಎಲ್ಲ ಕಡ್ಡಿಗೂ ಒಂದೇ ಬಿಗಿ ಬರಬೇಕು, ಟೈಮ್ ತಗೊಂಡು ಮಾಡಿ" ಎಂದು ಹೇಳಿ, ಕೂಲಿ ಸ್ವಲ್ಪ ಜಾಸ್ತಿ ಕೊಡಿ. ಕೆಲಸ ಗೊತ್ತಿದ್ದವರು ಕೊನೆಗೆ ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಜೋರಾಗಿ ಹಿಂಡುತ್ತಾರೆ. ಆಗ ಟಿಕ್ ಟಿಕ್ ಎಂದು ಕಡ್ಡಿ ಕೂರುವ ಸದ್ದು ಕೇಳುತ್ತದೆ. ಹಿಂಡಿ, ಮತ್ತೆ ಬೆಂಡ್ ನೋಡಿ, ಮತ್ತೆ ಬಿಗಿ ಮಾಡುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಕಡ್ಡಿ ಒಂದಾದ ಮೇಲೊಂದು ಮುರಿಯುತ್ತಾ ಬಂದರೆ ಒಂದೊಂದೇ ಹಾಕಿಸುತ್ತಾ ಕೂರಬೇಡಿ. ಉಳಿದವೂ ಅಷ್ಟೇ ದಣಿದಿರುತ್ತವೆ. ಹೊಸ ಚಕ್ರ ಕಟ್ಟಿಸಿ: 36 ಕಡ್ಡಿ, ಡಬಲ್ ವಾಲ್ (ಎರಡು ಪದರದ) ಅಲ್ಯೂಮಿನಿಯಂ ರಿಮ್, ಸ್ಟೇನ್‌ಲೆಸ್ ಕಡ್ಡಿ, ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು). ಕೆಲವು ವಾರ ಓಡಿಸಿದ ಮೇಲೆ ಬಿಗಿ ಮತ್ತೊಮ್ಮೆ ನೋಡಿಸಿ.

ಆಕ್ಸಲ್: ಯಾರೂ ಹೇಳದ ವಿಷಯ

ಹಿಂದೆ 6 ಅಥವಾ 7 ಗೇರ್ ಇರುವ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಫ್ರೀವೀಲ್ ಹಬ್, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲನ್ನು ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಹಬ್ ಇರುತ್ತದೆ. ಅದರಲ್ಲಿ ಬಲಗಡೆ ಬೇರಿಂಗ್ ಒಳಗೆ, ಹಲ್ಲುಚಕ್ರಗಳ ಹಿಂದೆ ಕೂತಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್‌ಗೆ, ಅಂದರೆ ಚಕ್ರದ ನಡುವೆ ಹಾದುಹೋಗುವ ಅಚ್ಚಿಗೆ, ಯಾವ ಆಸರೆಯೂ ಇಲ್ಲ. ಭಾರದ ಸವಾರ, ಮೇಲಿಂದ ಹಂಪ್ ಮೇಲೆ ಹಂಪ್. ಆಕ್ಸಲ್ ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಕ್ವಿಕ್ ರಿಲೀಸ್ (ಹಿಡಿ ತಿರುವಿ ಚಕ್ರ ಬಿಚ್ಚುವ ವ್ಯವಸ್ಥೆ) ಇದ್ದರೆ ಒಳಗಿನ ಸಪೂರ ಕಂಬಿ ಮುರಿದ ತುಂಡುಗಳನ್ನು ಹಿಡಿದುಕೊಂಡಿರುತ್ತದೆ. ಹಾಗಾಗಿ ಗೊತ್ತೇ ಆಗದೆ ಎಷ್ಟೋ ದೂರ ಓಡಿಸಿರುತ್ತೀರಿ. ಗೇರ್ ತಾನಾಗಿ ಜಿಗಿಯುವುದು, ಚಕ್ರ ಒಂದು ಕಡೆ ವಾಲಿ ಬ್ರೇಕಿಗೆ ಉಜ್ಜುವುದು ಇದರ ಸೂಚನೆ. ಚಕ್ರ ಬಿಚ್ಚಿ ಆಕ್ಸಲ್ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನ್ನಿಸಿದರೆ ಬಾಗಿರಬಹುದು.

ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್‌ನಲ್ಲಿ ಆ ಬೇರಿಂಗ್ ಫ್ರೇಮಿನ ಪಕ್ಕಕ್ಕೇ ಬಂದು ಕೂರುತ್ತದೆ. ಅದಕ್ಕೇ ಚಕ್ರ ಕಟ್ಟಿಸುವಾಗ ಹಬ್ ಕೂಡ ಕ್ಯಾಸೆಟ್ ಬಗೆಯದ್ದನ್ನೇ ಹಾಕಿಸಿ. "ಹಾಗಾದ್ರೆ ಗೇರ್ ಶಿಫ್ಟರ್ ಎಲ್ಲಾ ಚೇಂಜ್ ಮಾಡ್ಬೇಕು ಸಾರ್" ಎಂದು ಅಂಗಡಿಯವರು ಹೇಳಬಹುದು. ಹಿಂದೆ 7 ಗೇರ್ ಇದ್ದರೆ ಬೇಕಾಗಿಲ್ಲ. 8-9 ಗೇರಿನ ಹಬ್ ಮೇಲೆ 4.5 ಮಿಲಿಮೀಟರ್ ಸ್ಪೇಸರ್ (ಜಾಗ ತುಂಬುವ ಬಳೆ) ಹಾಕಿದರೆ 7 ಗೇರಿನ ಕ್ಯಾಸೆಟ್ ಕೂರುತ್ತದೆ, ಹಳೇ ಶಿಫ್ಟರೇ ಸಾಕು. ಫ್ರೇಮಿನ ಹಿಂಭಾಗದ ಒಳ ಅಗಲ ಅಳೆದುಕೊಂಡು ಹೋಗಿ. ಹೈಬ್ರಿಡ್, ಎಂಟಿಬಿ (ಮೌಂಟನ್ ಬೈಕ್) ಸೈಕಲ್‌ಗಳಲ್ಲಿ ಸಾಮಾನ್ಯವಾಗಿ 135 ಮಿ.ಮೀ. ಇರುತ್ತದೆ.

ಟೈರು ಮತ್ತು ಗಾಳಿ

ಫ್ರೇಮು ಹಿಡಿಯುವಷ್ಟು ಅಗಲದ ಟೈರು ಹಾಕಿ. 700×28 (ಕೊನೆಯ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ) ಇದ್ದರೆ 35 ಅಥವಾ 38ಕ್ಕೆ ಹೋಗಬಹುದೇ ನೋಡಿ. ಟೈರಿಗೂ ಫ್ರೇಮಿಗೂ ನಡುವೆ ಪೆನ್ಸಿಲ್ ತೂರುವಷ್ಟು ಜಾಗ ಉಳಿದರೆ ನೆಮ್ಮದಿ. ದುಬಾರಿ ಸಸ್ಪೆನ್ಷನ್‌ಗಿಂತ ಈ ಅಗಲದ ಗಾಳಿಯೇ ಬೆನ್ನಿಗೆ ಹಿತ.

ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ತೂತು ಬಿದ್ದಿದ್ದರೆ ಅದು ಮೊಳೆಯ ಕೆಲಸವಲ್ಲ. ಗಾಳಿ ಸಾಲದೆ, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಹಾಕಿಕೊಂಡಿದೆ. 700×35 ಟೈರಿಗೆ, ನೂರು ಕೆಜಿ ಆಸುಪಾಸಿನವರು ಹಿಂದೆ 70, ಮುಂದೆ 60 ಪಿಎಸ್‌ಐ ಇಟ್ಟು ಶುರು ಮಾಡಿ, ಆಮೇಲೆ ನಿಮಗೆ ಹಿತವಾಗುವಂತೆ ಸ್ವಲ್ಪ ಏರಿಸಿ ಇಳಿಸಿ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿ ಮಾತ್ರ ದಾಟಬೇಡಿ. ಹೆಬ್ಬೆರಳಲ್ಲಿ ಒತ್ತಿ ನೋಡುವುದು ನಂಬುವ ಹಾಗಿಲ್ಲ. ಮೀಟರ್ ಇರುವ ನಿಲ್ಲಿಸುವ ಪಂಪು ಮನೆಯಲ್ಲಿರಲಿ, ವಾರಕ್ಕೊಮ್ಮೆ ಗಾಳಿ ಹೊಡೆಯಿರಿ.

ಬ್ರೇಕು

ಸೈಕಲ್ ಸೇರಿ 125 ಕೆಜಿ ನಿಲ್ಲಿಸಲು, 85 ಕೆಜಿ ನಿಲ್ಲಿಸುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಬಲ ಬೇಕು. ಮಳೆಯಲ್ಲಿ ರಿಮ್ ಬ್ರೇಕು ಹಿಡಿದ ಕೂಡಲೇ ಕಚ್ಚುವುದಿಲ್ಲ, ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿತ. ಹಾಗಂತ ತಕ್ಷಣ ಡಿಸ್ಕ್ ಸೈಕಲ್ ಕೊಳ್ಳಬೇಕಿಲ್ಲ. ಒಳ್ಳೆಯ ಬ್ರೇಕ್ ರಬ್ಬರು, ಹೊಸ ಕೇಬಲ್ಲು ಹಾಕಿಸಿದರೆ ವಿ-ಬ್ರೇಕು (ರಿಮ್ ಬ್ರೇಕಿನ ಒಂದು ಬಗೆ) ಎಷ್ಟೋ ಸುಧಾರಿಸುತ್ತದೆ. ಡಿಸ್ಕ್ ಇದ್ದರೆ ಮುಂದಿನ 160 ಮಿ.ಮೀ. ತಟ್ಟೆಯನ್ನು 180ಕ್ಕೆ ಏರಿಸಬಹುದು, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಕಂಪನಿ ಅದಕ್ಕೆ ಒಪ್ಪಿದ್ದರೆ ಮಾತ್ರ.

ಸೀಟು, ಪೆಡಲ್, ಗೇರ್

ದಪ್ಪ ಇರುವವರಿಗೆ ಮೆತ್ತನೆ ಸೀಟು ಎಂದು ಅಂಗಡಿಯಲ್ಲಿ ಜೆಲ್ ಕವರ್ ತೋರಿಸುತ್ತಾರೆ. ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಮೂಳೆ ಅದರೊಳಗೆ ಹೂತು, ನಡುವಿನ ಮಾಂಸ ಒತ್ತಿ ಜೋಮು ಹಿಡಿಯುತ್ತದೆ. ಬೇಕಾಗಿರುವುದು ಸರಿಯಾದ ಅಗಲದ, ಸ್ವಲ್ಪ ಗಟ್ಟಿ ಸೀಟು. ಒಂದು ರಟ್ಟಿನ ತುಂಡನ್ನು ಮೆಟ್ಟಿಲ ಮೇಲೆ ಇಟ್ಟು ಕೂತು, ಎದ್ದು ನೋಡಿ. ಮೂಳೆ ಒತ್ತಿದ ಎರಡು ತಗ್ಗು ಕಾಣುತ್ತವೆ. ಅವುಗಳ ನಡುವಿನ ಅಂತರಕ್ಕೆ 2 ಸೆಂ.ಮೀ. ಸೇರಿಸಿದರೆ ನಿಮ್ಮ ಸೀಟಿನ ಅಗಲ ಹೆಚ್ಚು ಕಡಿಮೆ ಸಿಕ್ಕಿತು. ಸೀಟಿನ ಕಂಬವನ್ನು ಅದರ ಮೇಲೆ ಕೆತ್ತಿದ ಗೆರೆಗಿಂತ ಮೇಲೆ ಎಳೆಯಲೇಬೇಡಿ.

ಪ್ಲಾಸ್ಟಿಕ್ ಪೆಡಲ್ ತೆಗೆದು ಲೋಹದ್ದು ಹಾಕಿಸಿ. ಗೇರ್ ವಿಷಯದಲ್ಲಿ, ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದ್ದಾಗಿದ್ದರೆ 34ಕ್ಕೆ ಬದಲಿಸಬಹುದು. ಚೈನು, ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ಹೊಂದುತ್ತದೆಯೇ ಕೇಳಿ. ಮಂಗಳೂರಿನ ಕದ್ರಿ ಗುಡ್ಡದ ಏರಿನಲ್ಲಿ ನಿಂತು ತುಳಿಯುವ ಬದಲು ಕೂತೇ, ಹಗುರ ಗೇರಿನಲ್ಲಿ, ಕಾಲು ಬೇಗ ಬೇಗ ಆಡಿಸಿ ಹತ್ತಬೇಕು. ಆಗ ಮಂಡಿಯೂ ಉಳಿಯುತ್ತದೆ, ಚೈನೂ ಉಳಿಯುತ್ತದೆ.

ಹಗುರದ ಹ್ಯಾಂಡಲ್, ಕಾರ್ಬನ್ ಸಾಮಾನು? ಸುಮ್ನೆ ದುಡ್ಡು ದಂಡ. 120 ಕೆಜಿಯಲ್ಲಿ ಅರ್ಧ ಕೆಜಿ ಉಳಿಸಿ ಏನು ಮಾಡುತ್ತೀರಿ? ಕಡಿಮೆ ಬೆಲೆಯ ಡಬಲ್ ಸಸ್ಪೆನ್ಷನ್ ಸೈಕಲ್ ಅಂತೂ ಬೇಡವೇ ಬೇಡ, ತುಳಿದ ಶಕ್ತಿಯಲ್ಲಿ ಒಂದಷ್ಟನ್ನು ಸ್ಪ್ರಿಂಗೇ ತಿನ್ನುತ್ತದೆ.

ಹೊರಡುವ ದಿನ

ಭಾನುವಾರ ಬೆಳಿಗ್ಗೆ ಒಮ್ಮೆ ದಾರಿ ನೋಡಿ ಬನ್ನಿ. ಬೆಂಗಳೂರಿನಂಥ ಊರಲ್ಲಿ ಫ್ಲೈಓವರ್ ಬಿಟ್ಟು ಬಡಾವಣೆಯ ಒಳರಸ್ತೆ ಹಿಡಿದರೆ ಒಂದೆರಡು ಕಿಲೋಮೀಟರ್ ಜಾಸ್ತಿಯಾದರೂ ಜೀವ ಹಗುರ. ಮೊದಲು ವಾರಕ್ಕೆ ಎರಡು ದಿನ ಸಾಕು. ಬ್ಯಾಗು ಬೆನ್ನಿಗೆ ಬೇಡ, ಕ್ಯಾರಿಯರ್‌ಗೆ ಕಟ್ಟಿ. ತೊಡೆ ಉಜ್ಜುವ ಕಡೆ ವ್ಯಾಸಲಿನ್ ಹಚ್ಚಿಕೊಳ್ಳಿ. ಆಫೀಸು ತಲುಪಿದ ಕೂಡಲೇ ಅಂಗಿ ಬದಲಿಸಬೇಡಿ, ಹತ್ತು ನಿಮಿಷ ಫ್ಯಾನ್ ಕೆಳಗೆ ಕೂತು ಬೆವರು ನಿಂತ ಮೇಲೆ ಒದ್ದೆ ಟವೆಲ್‌ನಲ್ಲಿ ಒರೆಸಿಕೊಳ್ಳಿ. ಒಂದು ಜೊತೆ ಬಟ್ಟೆ ಅಲ್ಲೇ ಡ್ರಾಯರ್‌ನಲ್ಲಿರಲಿ.

ತಿಂಗಳಿಗೊಮ್ಮೆ ಸೈಕಲ್ ತೊಳೆಯುವಾಗ ಫ್ರೇಮಿನ ಬೆಸುಗೆಗಳನ್ನು ಗಮನಿಸಿ, ಮುಖ್ಯವಾಗಿ ಸೀಟಿನ ಕಂಬ ಇಳಿಯುವ ಜಾಗ ಮತ್ತು ಪೆಡಲ್ ಕೂರುವ ಜಾಗ. ಪೇಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು, ಉಗುರಿಗೆ ಸಿಕ್ಕರೆ, ಅವತ್ತೇ ಓಡಿಸುವುದು ನಿಲ್ಲಿಸಿ. ಸ್ಟೀಲ್ ಫ್ರೇಮನ್ನು ಗೊತ್ತಿದ್ದವರಿಂದ ಬೆಸುಗೆ ಹಾಕಿಸಬಹುದು, ಅಲ್ಯೂಮಿನಿಯಂ ಆದರೆ ಗುಜರಿಗೆ ಹಾಕುವುದೇ ಸರಿ. ಹಾಕುವ ಮುಂಚೆ ಕಟ್ಟಿಸಿದ ಚಕ್ರ, ಸೀಟು, ಪೆಡಲ್ ಬಿಚ್ಚಿಟ್ಟುಕೊಳ್ಳಿ. ಮುಂದಿನ ಸೈಕಲ್ ಅದೇ ಅಳತೆಯದ್ದು, ಅದೇ ಬಗೆಯ ಬ್ರೇಕಿನದ್ದು ಕೊಂಡರೆ ಮೂರೂ ಬಳಕೆಗೆ ಬರುತ್ತವೆ.