ಬ್ರೌನ್ ಶುಗರ್ ನಂಬಿ ಶೇಂಗಾ ಹೋಳಿಗೆ ಕೆಡಿಸಿಕೊಂಡಿದ್ದು

ಹೋದ ವರ್ಷ ಪಂಚಮಿಗೆ ತಮ್ಮ ಬೆಂಗಳೂರಿನಿಂದ ಕಲಬುರಗಿಗೆ ಬರುವಾಗ ಒಂದು ಕಿಲೋ ಬ್ರೌನ್ ಶುಗರ್ ತಂದಿದ್ದ. "ಅಕ್ಕಾ, ಇದೂ ಬೆಲ್ಲ ಇದ್ದಂಗೇ" ಅಂದ. ಬಣ್ಣ ನೋಡಿ ನಾನೂ ನಂಬಿದೆ. ಬೆಲ್ಲ ಕುಟ್ಟೋದು ತಪ್ಪಿತಲ್ಲ ಅಂತ ಅದನ್ನೇ ಶೇಂಗಾ ಪುಡಿಗೆ ಕಲಸಿ ಹೋಳಿಗೆಗೆ ಕೂತೆ. ಹೂರಣ ಹಸಿ ಉಸುಕಿನ ಹಾಗೆ. ಮುಷ್ಟಿಯಲ್ಲಿ ನಿಲ್ಲುತ್ತೆ, ಲಟ್ಟಣಿಗೆ ತಾಗಿದರೆ ಉದುರುತ್ತೆ. ಹೇಗೋ ಲಟ್ಟಿಸಿ ಹಂಚಿಗೆ ಹಾಕಿದರೆ ಅಂಚು ಒಡೆದು, ಹೊರಬಂದ ಸಕ್ಕರೆ ಅಲ್ಲೇ ಕರಗಿ ಸುಟ್ಟು ಕರಿ. ಅವ್ವ ಬಾಗಿಲಲ್ಲಿ ನಿಂತು "ಹಂಚು ಯಾರು ತಿಕ್ಕೋರು?" ಅಂದಳು, ಅಷ್ಟೇ.

ಆಮೇಲೆ ತಿಳೀತು, ಬ್ರೌನ್ ಶುಗರ್ ಅಂದರೆ ಹೆಚ್ಚಾಗಿ ಬಿಳಿ ಸಕ್ಕರೆಗೇ ಕಾಕಂಬಿ, ಅಂದರೆ ಸಕ್ಕರೆ ಮಾಡುವಾಗ ಉಳಿಯೋ ಕಪ್ಪು ಪಾಕ, ಬೆರೆಸಿದ್ದು. ತಿಳಿ ಬಣ್ಣದ್ದರಲ್ಲಿ ನೂರಕ್ಕೆ ಸುಮಾರು 3.5 ಪಾಲು, ಗಾಢದ್ದರಲ್ಲಿ 6.5. ಹರಳು ಹರಳಾಗೇ ಉಳಿಯುತ್ತೆ. ಬೆಲ್ಲಕ್ಕೆ ಕಬ್ಬಿನ ಹಾಲನ್ನು ಕಾಕಂಬಿ ಬೇರೆ ಮಾಡದೆ ಕಾಯಿಸಿ ಕಾಯಿಸಿ ಗಟ್ಟಿ ಮಾಡ್ತಾರೆ, ಅದಕ್ಕೇ ಆ ಅಂಟು, ಆ ಅಂಟಿಗೇ ಹೂರಣ ಒಂದಾಗೋದು.

ಬೆಲ್ಲದಲ್ಲೂ ಎಲ್ಲ ಒಂದೇ ಅಲ್ಲ. ಸೂಪರ್ ಮಾರ್ಕೆಟ್ ಕಡೆ ಹೋದರೆ ಹಳದಿ ಬೆಲ್ಲ ಕಣ್ಣಿಗೆ ಬೀಳುತ್ತೆ, ಆದರೆ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕೋದುಂಟು, ನಾನು ಕಪ್ಪಗಿದ್ದಿದ್ದೇ ತಗೋತೀನಿ. ಗೋಧಿ ಹುಗ್ಗಿಗೆ ಅದರ ರುಚಿಯೇ ಬೇರೆ. ಕರಗಿಸಿ ಸೋಸಲೇಬೇಕು, ತಳದಲ್ಲಿ ಮಣ್ಣು, ಕಬ್ಬಿನ ಸಿಪ್ಪೆ ಕೂತಿರುತ್ತೆ. ಹುಗ್ಗಿಗೆ ಹಾಲು ಹಾಕೋದಾದರೆ ಒಲೆ ಆರಿಸಿ ಸ್ವಲ್ಪ ತಣಿದ ಮೇಲೆ, ಬೆಲ್ಲದಲ್ಲಿ ಹುಳಿ ಅಂಶ ಇರೋದರಿಂದ ಕುದಿಯೋವಾಗ ಹಾಕಿದರೆ ಹಾಲು ಒಡೆಯುತ್ತೆ. ಎರಡು ಸಲ ಒಡೆಸಿಕೊಂಡಿದ್ದೀನಿ.

ಶೇಂಗಾ ಉಂಡಿಗೆ ಮಾತ್ರ ಮೆತ್ತನೆಯ ಕಪ್ಪು ಬೆಲ್ಲ ಬೇಡ, ಪಾಕ ಬೇಗ ಗಟ್ಟಿಯಾಗಲ್ಲ. ಒಣಗಿದ ಗಟ್ಟಿ ಅಚ್ಚು ಒಳ್ಳೇದು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಬೇಕು. ಹರಡಿದರೆ ಇನ್ನೂ ಕಾಯಬೇಕು, ಮೆತ್ತಗೆ ಗೋಲಿಯಾದರೆ ಸಾಕು. ತಟ್ಟೆಗೆ ಬಡಿದಾಗ ಟಣ್ ಅಂದರೆ ಅದು ಚಿಕ್ಕಿ ಪಾಕ, ಆ ಉಂಡಿ ತಿನ್ನೋಕೆ ಅವ್ವನ ಹಲ್ಲು ಉಳಿಯಲ್ಲ.

ಉಳಿದ ಬ್ರೌನ್ ಶುಗರ್ ಬಿಸಾಡಲಿಲ್ಲ. ಬೆಣ್ಣೆ ಬಿಸ್ಕೆಟ್‌ಗೆ ಹಾಕಿದೆ, ಬಿಳಿ ಸಕ್ಕರೆಯದಕ್ಕಿಂತ ಒಳಗೆ ಮೆತ್ತಗೆ, ಸ್ವಲ್ಪ ಕ್ಯಾರಮೆಲ್ ಘಮ. ಇದು ಮಾತ್ರ ಬೆಲ್ಲದಲ್ಲಿ ನನಗೆ ಇನ್ನೂ ಬಂದಿಲ್ಲ. ಕೇಕ್ ಮೇಲೆ ಉದುರಿಸೋಕೆ ಡೆಮೆರಾರಾ ಸಕ್ಕರೆ ಸಿಕ್ಕರೆ ನೋಡಿ, ಹರಳು ದೊಡ್ಡದು, ಬೇಗ ಕರಗಲ್ಲ, ಬಾಯಲ್ಲಿ ಕರಂ ಅನ್ನುತ್ತೆ. ಯಾವುದಾದರೂ ರೆಸಿಪಿಯಲ್ಲಿ ಮಸ್ಕೊವಾಡೊ ಸಕ್ಕರೆ ಅಂತ ಬರೆದಿದ್ದರೆ ಸುಮ್ನೆ ಬೆಲ್ಲದ ಪುಡಿ ಹಾಕಿ, ಅದು ಬೆಲ್ಲದ ಹತ್ತಿರದ ಸಂಬಂಧಿ.

ನಮ್ಮೂರ ಏಪ್ರಿಲ್ ಬಿಸಿಲಿಗೆ ಡಬ್ಬಿಯಲ್ಲಿದ್ದ ಬ್ರೌನ್ ಶುಗರ್ ಕಲ್ಲಾಯಿತು. ಒಂದು ಬ್ರೆಡ್ ತುಂಡು ಹಾಕಿ ಮುಚ್ಚಿಟ್ಟೆ. ಮರುದಿನ ಸಕ್ಕರೆ ಚಮಚಕ್ಕೆ ಬಂತು, ಬ್ರೆಡ್ ಮಾತ್ರ ರಸ್ಕ್ ಆಗಿತ್ತು.