ಅವರ ‘ಬ’ ನನ್ನ ಕಿವಿಗೆ ‘ಪ’ ಆಗಿದ್ದು

ಬೆಂಗಳೂರಿಗೆ ಕೆಲಸಕ್ಕೆ ಬಂದವರಿಗೆ ಮಾತಾಡುವ ಕನ್ನಡ ಹೇಳಿಕೊಡುವುದು ನನ್ನ ಕೆಲಸ. ವ್ಯಾಕರಣ ಹೇಗೋ ಬರುತ್ತದೆ, ಉಚ್ಚಾರಣೆಯೇ ಕಷ್ಟ. ಅಮೆರಿಕದಿಂದ ಬಂದಿದ್ದ ಒಬ್ಬರು ‘ಬಟ್ಟೆ’ ಅಂದರೆ ನನಗೆ ‘ಪಟ್ಟೆ’ ಕೇಳಿಸುತ್ತಿತ್ತು. ‘ಪಟ್ಟೆ’ ಅನ್ನಿ ಅಂದರೆ ‘ಪ’ ಜೊತೆ ಬುಸ್ ಅಂತ ಗಾಳಿ ಬರುತ್ತಿತ್ತು. “ಪ ಅಲ್ಲ, ಬ” ಅಂತ ನಾನು ಜೋರು ಮಾಡಿದಷ್ಟೂ ಅವರು “ಅದನ್ನೇ ಹೇಳ್ತಿದ್ದೀನಲ್ಲ” ಅನ್ನುತ್ತಿದ್ದರು. ಅವರ ಕಿವಿಗೆ ಅದು ನಿಜವಾಗಿಯೂ ‘ಬ’ನೇ.

ಹೀಗೆ ವಾದ ಮಾಡುವ ಬದಲು ಇಬ್ಬರ ಮಾತನ್ನೂ ರೆಕಾರ್ಡ್ ಮಾಡಿ ‘ಪ್ರಾಟ್’ನಲ್ಲಿ ತೆರೆದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ ಸಾಫ್ಟ್‌ವೇರ್ ಅದು, ಉಚಿತ. ಮಾತನ್ನು ಚಿತ್ರವಾಗಿ ತೋರಿಸುತ್ತದೆ. ‘ಪ’, ‘ಬ’ ಎರಡಕ್ಕೂ ತುಟಿ ಮುಚ್ಚಿ ತೆರೆಯುತ್ತೇವೆ, ಅಲ್ವಾ? ತುಟಿ ತೆರೆದ ಕ್ಷಣ ಚಿತ್ರದಲ್ಲಿ ಒಂದು ಸಣ್ಣ ಕಡ್ಡಿಯಂಥ ಗೆರೆ ಕಾಣುತ್ತದೆ. ಗಂಟಲಿನ ತಂತುಗಳು ಅದುರುತ್ತಿದ್ದರೆ ಚಿತ್ರದ ತಳದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಈ ಪಟ್ಟಿ ಆ ಗೆರೆಗಿಂತ ಮುಂಚೆ ಶುರುವಾಯಿತೋ, ಆಮೇಲೋ, ಎಷ್ಟು ಆಮೇಲೋ ಅನ್ನುವುದರಲ್ಲೇ ಎಲ್ಲ ಇರುವುದು.

ನನ್ನ ‘ಬಟ್ಟೆ’ಯಲ್ಲಿ ತುಟಿ ತೆರೆಯುವುದಕ್ಕೆ ಸುಮಾರು 80 ಮಿಲಿಸೆಕೆಂಡ್ ಮುಂಚೆಯೇ ಅದುರು ಶುರುವಾಗಿತ್ತು. ‘ಪಟ್ಟೆ’ಯಲ್ಲಿ ತೆರೆದ ಮೇಲೆ ಸುಮಾರು 15 ಮಿಲಿಸೆಕೆಂಡಿಗೆ. ಅವರ ‘ಬಟ್ಟೆ’ಯಲ್ಲೂ ಹೆಚ್ಚುಕಡಿಮೆ ಅಷ್ಟೇ! ಅವರ ‘ಬ’, ನನ್ನ ‘ಪ’ ಒಂದೇ ಜಾಗದಲ್ಲಿ ಕೂತಿದ್ದವು. ಈ ಅಂತರವನ್ನು ಭಾಷೆಯಿಂದ ಭಾಷೆಗೆ ಮೊದಲು ಕ್ರಮವಾಗಿ ಅಳೆದವರು ಅಮೆರಿಕದ ಭಾಷಾವಿಜ್ಞಾನಿಗಳಾದ ಲೀ ಲಿಸ್ಕರ್ ಮತ್ತು ಆರ್ಥರ್ ಏಬ್ರಮ್ಸನ್. 1964ರಲ್ಲಿ ಅವರು 11 ಭಾಷೆಗಳನ್ನು ನೋಡಿದರು. ತಮಿಳು, ಹಿಂದಿ, ಮರಾಠಿ ಇದ್ದವು, ಕನ್ನಡ ಇರಲಿಲ್ಲ. ಅದರಲ್ಲಿ ಪದದ ಮೊದಲಿನ ಇಂಗ್ಲಿಷ್ ‘ಪ’ ಸುಮಾರು 60 ಮಿಲಿಸೆಕೆಂಡ್ ತಡ. ನಾವು ‘ಪೆನ್’ ಅಂತ ಆರಾಮಾಗಿ ಬರೆಯುತ್ತೇವೆ, ಆದರೆ ಇಂಗ್ಲಿಷಿನವರ ಬಾಯಲ್ಲಿ ಅದು ಮಹಾಪ್ರಾಣವೇ. ಬಾಯಿ ಮುಂದೆ ಒಂದು ಚೂರು ಪೇಪರ್ ಹಿಡಿದು ‘ಪಿನ್’ ಅನ್ನಲು ಹೇಳಿ, ಪಟಪಟ ಅಲ್ಲಾಡುತ್ತದೆ. ‘ಸ್ಪಿನ್’ ಅಂದರೆ ಅಲ್ಲಾಡುವುದೇ ಇಲ್ಲ. ‘ಸ’ ಜೊತೆ ಬಂದಾಗ ಆ ಗಾಳಿ ಹೋಗುತ್ತದೆ.

ನನ್ನ ಪಾಠ ಇಲ್ಲಿಂದಲೇ ಹೊರಟಿದ್ದು. ‘ಸ್ಪಿನ್’ ರೆಕಾರ್ಡ್ ಮಾಡಿ ಮುಂದಿನ ‘ಸ’ ಕತ್ತರಿಸಿ ಕೇಳಿಸಿದೆ. ನನಗೆ ‘ಪಿನ್’ ಕೇಳಿಸಿತು, ಅವರಿಗೆ ‘ಬಿನ್’. ಇಬ್ಬರೂ ನಕ್ಕೆವು. ಇದಾದ ಮೇಲೆ ವಾದ ಮುಗಿಯಿತು. “ಕನ್ನಡದ ‘ಪ’ ಬೇಕಾದರೆ ನಿಮ್ಮ ‘ಬ’ ಹೇಳಿ ಸಾಕು” ಅಂದೆ. ಸಲೀಸಾಗಿ ಬಂತು.

ಕನ್ನಡದ ‘ಬ’ಗೆ ಜಾಸ್ತಿ ದುಡಿಯಬೇಕಾಯಿತು. ತುಟಿ ಮುಚ್ಚಿ ‘ಮ್’ ಅಂತ ಗುನುಗಿ, ನಿಲ್ಲಿಸದೆ ‘ಮ್‌ಬಟ್ಟೆ’ ಅನ್ನಿಸಿದೆ. ಆಮೇಲೆ ಅದನ್ನೇ ಮೂಗು ಹಿಡಿದುಕೊಂಡು. ಆಗ ಗಾಳಿಗೆ ಹೋಗಲು ದಾರಿ ಇಲ್ಲ. ಕೆನ್ನೆ ಸ್ವಲ್ಪ ಉಬ್ಬುತ್ತದೆ, ಆದರೂ ಒಂದು ಕ್ಷಣ ಗಂಟಲು ಅದುರುತ್ತದೆ. ಬೇಕಾಗಿದ್ದು ಆ ಒಂದು ಕ್ಷಣವೇ. ಬೆರಳು ಗಂಟಲ ಮೇಲಿದ್ದರೆ ಗೊತ್ತಾಗುತ್ತದೆ, ಪ್ರಾಟ್‌ನಲ್ಲಿ ಕಪ್ಪು ಪಟ್ಟಿಯೂ ಬರುತ್ತದೆ. ಒಂದು ಮಾತು: ರೆಕಾರ್ಡ್ ಮಾಡುವಾಗ ಫ್ಯಾನ್, ಚಾರ್ಜರ್ ದೂರ ಇಡಿ. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದೂ ಅದೇ ತಳದಲ್ಲಿ ಬಂದು ಕೂರುತ್ತದೆ. ಯಾವುದು ಗಂಟಲು, ಯಾವುದು ಫ್ಯಾನ್ ಅಂತ ಒದ್ದಾಡಬೇಕಾಗುತ್ತದೆ.

‘ಕತೆ’, ‘ಕತ್ತೆ’ ಅಷ್ಟು ತೊಂದರೆ ಕೊಡಲಿಲ್ಲ. ನಡುವಿನ ಮೌನ ಎಷ್ಟು ಉದ್ದ ಅನ್ನುವುದಷ್ಟೇ ಲೆಕ್ಕ. ಇಂಗ್ಲಿಷಿನವರು ಒಂದೇ ಪದದೊಳಗೆ ಹೀಗೆ ಎಳೆಯುವುದಿಲ್ಲ, ಆದರೆ ‘ಹಾಟ್ ಟೀ’ ಅನ್ನುವಾಗ ತಾವೇ ಎಳೆಯುತ್ತಾರೆ. ಅದನ್ನು ತೋರಿಸಿದರೆ ಸಾಕು.

‘ಳ’ ಮಾತ್ರ ಹಿಂದಿಯವರನ್ನು ಕಾಡುತ್ತದೆ. ಮರಾಠಿ, ಗುಜರಾತಿಯವರಿಗೆ ಪಾಠವೇ ಬೇಡ, ಅವರ ಭಾಷೆಯಲ್ಲೇ ಇದೆ. ಹಿಂದಿಯವರಿಗೆ ನಾನು ‘ಸಡಕ್’ ಅನ್ನಿ ಅನ್ನುತ್ತೇನೆ. ಆ ಪದದ ನಡುವೆ ನಾಲಿಗೆ ತುದಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಅಲ್ಲೇ ತಡೆದು ಎರಡೂ ಪಕ್ಕದಿಂದ ಗಾಳಿ ಬಿಟ್ಟರೆ ‘ಳ’. ಪ್ರಾಟ್‌ನಲ್ಲಿ ತಳದ ಆ ಪಟ್ಟಿಯ ಮೇಲೆ, ಬಾಯಿಯ ಆಕಾರಕ್ಕೆ ತಕ್ಕಂತೆ ಏರಿಳಿಯುವ ಬೇರೆ ಪಟ್ಟಿಗಳೂ (ಫಾರ್ಮೆಂಟ್) ಕಾಣುತ್ತವೆ. ಅವುಗಳಲ್ಲಿ ‘ಲ’ದಲ್ಲಿ ಮೇಲೇ ಇರುವ ಮೂರನೆಯದು ‘ಳ’ ಹತ್ತಿರ ಕೆಳಗೆ ಬಾಗುತ್ತದೆ. ಕಿವಿಗೆ ತಿಳಿಯದವರಿಗೂ ಕಣ್ಣಿಗೆ ತಿಳಿಯುತ್ತದೆ. ನಿಧಾನಕ್ಕೆ ಹೇಳುವಾಗ ಎಲ್ಲರಿಗೂ ‘ಹಳ್ಳಿ’ ಬರುತ್ತದೆ. ಮಾತು ಬಿರುಸಾದರೆ ಕೆಲವರಿಗೆ ಈಗಲೂ ಹಲ್ಲಿಯೇ. ‘ನಮ್ಮ ಹಲ್ಲಿಯಲ್ಲಿ ಕರೆಂಟ್ ಇಲ್ಲ’ ಅಂದರೂ ಕೇಳುವವರಿಗೆ ಅರ್ಥ ಆಗಿಬಿಡುತ್ತದೆ, ಹಾಗಾಗಿ ನಾನೂ ಅಲ್ಲಿ ತಡೆದು ತಿದ್ದುವುದಿಲ್ಲ. ‘ಹೇಳು’ ಅನ್ನುವುದನ್ನು ‘ಲ’ದಲ್ಲಿ ಅಂದರೆ ಮಾತ್ರ ಸುಮ್ನೆ ಬಿಡೋಕಾಗಲ್ಲ.