ಏರ್‌ಗನ್ ಕೊಳ್ಳುವ ಆತುರಕ್ಕೆ ಒಂದು ಮಂಡಲ: ನನ್ನ ಅನುಭವ

2021ರ ದಸರಾ ಮುಗಿದ ವಾರ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದೆ. ಇನ್ನು ಮೇಲೆ ಯಾವ ಏರ್‌ಗನ್ (ಗಾಳಿಯ ಒತ್ತಡದಿಂದ ಪೆಲೆಟ್ ಅನ್ನುವ ಸಣ್ಣ ಸೀಸದ ಗುಂಡು ಹೊಡೆಯುವ ಗನ್) ಕಣ್ಣಿಗೆ ಬಿದ್ದರೂ ಮೊದಲು ಇದರಲ್ಲಿ ಬರೆಯುತ್ತೇನೆ, ಕೊಂಡರೆ ವರ್ಷಕ್ಕೆ ಒಂದೇ ಅಂತ ನಮ್ಮ ಭಾನುವಾರದ ಗುಂಪಿನಲ್ಲಿ ಹೇಳಿದೆ. ಪಾಂಡವಪುರ ಕಡೆಯ ಗೆಳೆಯನೊಬ್ಬ "ಬುಡಣ್ಣ, ಅದಾಗೋ ಮಾತಲ್ಲ" ಅಂದ. ಇನ್ನೊಬ್ಬರು ಯುಗಾದಿವರೆಗೂ ನಡೆಯಲ್ಲ ಅಂತ ಸಾವಿರ ರೂಪಾಯಿ ಪಂಥ ಕಟ್ಟಿದರು. ಅಲ್ಲಿಂದ ನಾಲ್ಕು ದಸರಾ ಕಳೆದಿವೆ. ಪಂಥದ ಸಾವಿರ ಯಾವಾಗಲೋ ನನ್ನ ಕೈ ಸೇರಿತು. ಅದೇ ಗುಂಪಿನ ಮೂವರು ನನ್ನ ಪುಸ್ತಕದ ಹಾಳೆಗಳ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡೋಣ ಅನಿಸಿತು.

ಲೈಸೆನ್ಸ್ ಕೋವಿಯಲ್ಲಿ ಆತುರಕ್ಕೆ ಜಾಸ್ತಿ ಜಾಗವಿಲ್ಲ, ನಿಮಗೆ ಗೊತ್ತೇ ಇದೆ. ಅರ್ಜಿ, ಪೊಲೀಸ್ ವಿಚಾರಣೆ, ಲೈಸೆನ್ಸ್ ಪುಸ್ತಕದಲ್ಲಿ ಎಂಟ್ರಿ ಅಂತ ತಿಂಗಳುಗಟ್ಟಲೆ ಓಡಾಡುವಷ್ಟರಲ್ಲಿ ಬಿಸಿ ಇಳಿದಿರುತ್ತದೆ. ಆದರೂ ನಾನು ಅಲ್ಲೂ ಎಡವಿದೆ. ಅಪ್ಪನ ಕಾಲದ 12 ಬೋರ್ ಡಬಲ್ ಬ್ಯಾರೆಲ್ ಇತ್ತು, ಒಂದು ಪಾಯಿಂಟ್ 22 ರೈಫಲ್ ಇತ್ತು. ಆಗ ಮೂರರವರೆಗೆ ಇಟ್ಟುಕೊಳ್ಳಬಹುದಿತ್ತಲ್ಲ, ಮೂರನೇ ಜಾಗ ಖಾಲಿ ಇದೆ ಅನ್ನುವ ಒಂದೇ ಕಾರಣಕ್ಕೆ 2016ರಲ್ಲಿ ಪಾಯಿಂಟ್ 315 ರೈಫಲ್ ತಂದೆ. ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಬಿತ್ತು. ಹೊಡೆದದ್ದು ಮೂವತ್ತು ತೋಟೆ ಇರಬಹುದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಮಿತಿ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದದ್ದೂ ಲೆಕ್ಕಕ್ಕೇ ಸೇರುತ್ತದೆ. ಅಪ್ಪನ ಕೋವಿ ಬಿಡುವ ಮಾತೇ ಇರಲಿಲ್ಲ. ನನಗೆ ಗೊತ್ತಿದ್ದವರಲ್ಲಿ ಆ ವರ್ಷ ಎಲ್ಲರೂ ಮೂರನೆಯದನ್ನು ಮಾರುವವರೇ, ಕೊಳ್ಳುವವರು ಯಾರೂ ಇಲ್ಲ. 315 ಹೋದದ್ದು ಇಪ್ಪತ್ತು ಸಾವಿರಕ್ಕೋ ಇಪ್ಪತ್ತೆರಡಕ್ಕೋ. ಆ ದಿನ ಅಂಗಡಿಯಿಂದ ಬರಿಗೈಲಿ ಮನೆಗೆ ಬಂದದ್ದು ಇವತ್ತಿಗೂ ನೆನಪಿದೆ.

ದುಡ್ಡು ಸೋರುತ್ತಿದ್ದ ತೂತು ಮಾತ್ರ ಬೇರೆ ಕಡೆ ಇತ್ತು. ಪಾಯಿಂಟ್ 177 ಇಂಚು ಬೋರಿನ, 20 ಜೂಲ್ ಒಳಗಿನ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿಯ ನಕಲು ಕೊಟ್ಟರೆ ಕೆಲಸ ಮುಗಿಯಿತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಊರಲ್ಲಿ ಎರಡು ಎಕರೆ ಕಬ್ಬು. ಕಬ್ಬಿನ ದುಡ್ಡು ಖಾತೆಗೆ ಬಿತ್ತು ಅಂತ ಮೆಸೇಜ್ ಬಂದ ರಾತ್ರಿಯೇ ನಾನು ಏನಾದರೂ ಆರ್ಡರ್ ಮಾಡುತ್ತಿದ್ದೆ. ಹಗಲಲ್ಲ, ರಾತ್ರಿ ಹನ್ನೊಂದರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ. 2017ರಿಂದ 2021ರವರೆಗೆ ಹೀಗೆ ಬಂದದ್ದು ಹತ್ತೊಂಬತ್ತು ಏರ್‌ಗನ್, ಹತ್ತು ಹನ್ನೊಂದು ಸ್ಕೋಪ್ (ಗುರಿ ನೋಡುವ ದುರ್ಬೀನು). ಒಟ್ಟು ಐದೂವರೆ ಲಕ್ಷ ಆಗಿರಬೇಕು. ನಿಜವಾಗಿ ಕೈಯಲ್ಲಿ ಓಡಾಡುತ್ತಿದ್ದದ್ದು ನಾಲ್ಕು. ಸ್ಕೋಪಿನ ಕಥೆ ಇನ್ನೂ ಕೆಟ್ಟದ್ದು. ಸ್ಪ್ರಿಂಗಿನ ಬಲದಲ್ಲಿ ಹೊಡೆಯುವ ಏರ್‌ಗನ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಅಗ್ಗದ ಸ್ಕೋಪ್ ಆ ಎರಡನೇ ಒದೆತ ತಡೆಯಲ್ಲ. ಗೊತ್ತಿದ್ದೂ ನಾಲ್ಕು ಸಾವಿರದ್ದನ್ನು ಒಂದಾದ ಮೇಲೆ ಒಂದು ಮೂರು ತಂದೆ. ಮೂರರಲ್ಲೂ ಒಳಗಿನ ಗುರಿಯ ಗೆರೆ ತಿರುಗಿಹೋಯಿತು. ಅದೇ ಹನ್ನೆರಡು ಸಾವಿರಕ್ಕೆ ಒಂದು ಗಟ್ಟಿಯಾದದ್ದು ಬರುತ್ತಿತ್ತು, ಅಲ್ವಾ?

ನಿಲ್ಲಿಸಲು ಮಾಡದ ಪ್ರಯತ್ನವಿಲ್ಲ. ಬೆಟ್ಟಕ್ಕೆ ಹೋಗಿ ತಾಯಿ ಚಾಮುಂಡಿ ಮುಂದೆ ಹರಕೆ ಕಟ್ಟಿಕೊಂಡೆ. ತಿಂಗಳು ದಾಟಿತು ಅಷ್ಟೇ. ತಪ್ಪು ಕಾಣಿಕೆ ಹಾಕಿ ಬಂದೆ. ತಿಂಗಳಿಗೆ ಮೂರು ಸಾವಿರ ಮಾತ್ರ ಅಂತ ಗೆರೆ ಎಳೆದೆ. ಮೂರು ತಿಂಗಳು ಉಳಿಸಿ ನಾಲ್ಕನೇ ತಿಂಗಳು ಸಾಲ ಸೇರಿಸಿ ಇಪ್ಪತ್ತೈದು ಸಾವಿರದ್ದು ತಂದೆ. ಎಟಿಎಂ ಕಾರ್ಡನ್ನು ಹೆಂಡತಿ ಕೈಗೆ ಕೊಟ್ಟೆ. ಗೆಳೆಯರ ಹತ್ತಿರ ಕೈಸಾಲ ಮಾಡಿದೆ. ಅವಳಿಗೆ ಗೊತ್ತಾದಾಗ ಜಗಳವಾಡಲಿಲ್ಲ. "ರೀ, ನನ್ನನ್ನ ಯಾಕೆ ಕಾವಲಿಗೆ ನಿಲ್ಲಿಸ್ತೀರಿ?" ಅಂದಳು, ಅಷ್ಟೇ. ಆ ಮಾತು ನಾಟಿತು. ಆಮೇಲೆ ಒಂದು ಮಾರಿ ಒಂದು ತರುವ ನಿಯಮ ಮಾಡಿದೆ. ಅದರಲ್ಲಿ ಜಾಸ್ತಿ ನಷ್ಟ. ಹೊಸದು ಬೇಗ ಬರಲಿ ಅಂತ ಒಳ್ಳೆಯ ಡಯಾನಾ 35 ಮಾದರಿಯ ಏರ್‌ಗನ್ ಒಂದನ್ನು ಒಂಬತ್ತು ಸಾವಿರಕ್ಕೆ ಬಿಟ್ಟೆ. ಅಂಥದ್ದು ಈಗ ಹುಡುಕಿದರೂ ಸಿಗುತ್ತಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಟಿಪ್ಪು ಕಾಲದ ಕೋವಿ, ಅಟ್ಟದ ಮೇಲೆ ಸಿಕ್ಕಿದೆ, ಒಂದೂವರೆ ಲಕ್ಷ ಅಂದರು ಮಾರುವವರು. "ಸಾಯಂಕಾಲ ಬೆಂಗಳೂರಿಂದ ಪಾರ್ಟಿ ಬರ್ತದೆ, ನಿಮ್ ಇಷ್ಟ" ಅಂದರು. ಆ ಒಂದು ಮಾತಿಗೆ ಹತ್ತು ಸಾವಿರ ಮುಂಗಡ ಎಣಿಸಿ ಕೊಟ್ಟೆ. 2015ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಆಯುಧಗಳು ಅರವತ್ತು ಲಕ್ಷ ಪೌಂಡಿಗೂ ಮೇಲೆ ಹರಾಜಾದ ಸುದ್ದಿ ತಲೆಯಲ್ಲಿ ಕೂತಿತ್ತು. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದೆ. ನಳಿಗೆಯ ಮೇಲೆ ಇಂಗ್ಲಿಷ್ ಅಂಕಿಯಲ್ಲಿ 1786 ಅಂತ ಅಚ್ಚು ಹೊಡೆದಿದ್ದರು. ಟಿಪ್ಪುವಿನ ಕಾರ್ಖಾನೆಯವರು ಹಾಕುತ್ತಿದ್ದದ್ದು ಪ್ರವಾದಿಯವರ ಜನ್ಮದಿಂದ ಎಣಿಸುವ ಮೌಲೂದಿ ವರ್ಷ. ಅದನ್ನೂ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಸಾಲದ್ದಕ್ಕೆ ಇದರ ಸ್ಕ್ರೂಗಳು ಲೇತಿನಲ್ಲಿ ಕೊರೆದವು. ದಿನವೂ ಅದೇ ಕೆಲಸ ಮಾಡುವ ನನಗೆ ಇದು ನಕಲಿ ಅಂತ ಅಲ್ಲೇ ಕಾಣಬೇಕಿತ್ತು. ಆತುರದಲ್ಲಿ ಕಣ್ಣು ಕೆಲಸ ಮಾಡಲ್ಲ. ರಿಪೇರಿ ಮಾಡಿದರೂ ಹೊಡೆಯಲಾಗದ ಹಳೇ ಕೋವಿಗೆ ಮಾತ್ರ ಲೈಸೆನ್ಸ್ ವಿನಾಯಿತಿ. ಇದು ಹೊಡೆಯುವ ಸ್ಥಿತಿಯಲ್ಲೇ ಇತ್ತು. ತಂದಿದ್ದರೆ ಕೇಸೂ ಆಗುತ್ತಿತ್ತು. ಮುಂಗಡ ವಾಪಸ್ ಬರಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಕೊಡಗಿನ ಗೆಳೆಯನ ಮನೆಗೆ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬಕ್ಕೆ, ಹೋಗಿದ್ದೆ. ನೆಲ್ಲಕ್ಕಿ ಬಾಡೆಯ (ಮನೆಯ ನಡುಕೋಣೆಯ) ದೀಪದ ಮುಂದೆ ಕೋವಿ ಇಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದ್ದರು. ಒಂದೇ ಕೋವಿ, ತಾತನ ಕಾಲದ್ದು. ಕೊಡವರಿಗೆ ಲೈಸೆನ್ಸಿನ ವಿನಾಯಿತಿ ಇದೆ, ನೀನು ಇನ್ನೊಂದು ಯಾಕೆ ತಂದಿಲ್ಲ ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದು ಇದೆಯಲ್ಲ?" ಅಂದ. ವಾಪಸ್ ಬರುವಾಗ ಹುಣಸೂರಿನವರೆಗೂ ಅದೇ ಯೋಚನೆ. ಅವರ ಕೋವಿಗೆ ವರ್ಷದಲ್ಲಿ ಒಂದು ದಿನ ಇದೆ. ನಮಗೂ ಆಯುಧ ಪೂಜೆ ಇದೆ. ಕೊಳ್ಳುವುದನ್ನು ಆ ದಿನಕ್ಕೆ ಕಟ್ಟಿಹಾಕಿದರೆ?

ಪುಸ್ತಕ ಹುಟ್ಟಿದ್ದು ಹಾಗೆ. ಆಸೆ ಹುಟ್ಟಿದ ದಿನವೇ ಒಂದು ಚೀಟಿ ಬರೆದು ಅಂಟಿಸಬೇಕು. ತಾರೀಖು ಮತ್ತು ಗಂಟೆ, ಗನ್ನಿನ ಹೆಸರು, ಬೆಲೆ, ಮನೆಯಲ್ಲಿ ಇದಕ್ಕೆ ಹತ್ತಿರದ್ದು ಯಾವುದಿದೆ, ಇಷ್ಟು. ಐದನೇ ಸಾಲು ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಗುಂಪಿನವರಿಗೂ ಹೇಳಿಲ್ಲ. ಚೀಟಿ ಒಂದು ಮಂಡಲ, ಅಂದರೆ 48 ದಿನ, ಮಾಗಬೇಕು. ಅಷ್ಟರೊಳಗೆ ಮನೆಯಲ್ಲಿರುವ ಆ ಹತ್ತಿರದ ಗನ್ನಿನಲ್ಲಿ ಒಂದು ಡಬ್ಬಿ ಪೆಲೆಟ್, ಐನೂರು, ಹೊಡೆದು ಮುಗಿಸಬೇಕು. ಬರೀ ಕಾಯುವುದು ಬೇರೆ, ಹೊಡೆಯುತ್ತಾ ಕಾಯುವುದು ಬೇರೆ. ಮೊದಲ ವರ್ಷ ಬರೀ ಕಾದೆ, ಕಾದಷ್ಟೂ ಹುಚ್ಚು ಜಾಸ್ತಿಯಾಯಿತು. ಪೆಲೆಟ್ ನಿಯಮ ಸೇರಿಸಿದ ಮೇಲೆಯೇ ಇಳಿದದ್ದು. ಮಂಡಲ ದಾಟಿದ ಚೀಟಿಗಳು ಆಯುಧ ಪೂಜೆಗೆ ಕಾಯುತ್ತವೆ. ಅದರಲ್ಲಿ ಒಂದು, ಅಥವಾ ಒಂದೂ ಇಲ್ಲ.

ಇಲ್ಲಿಯವರೆಗೆ ಸುಮಾರು ಅರವತ್ತು ಚೀಟಿ ಆಗಿವೆ. ನಲವತ್ತರಷ್ಟನ್ನು ಮೂರು ವಾರದೊಳಗೆ ನಾನೇ ಹೊಡೆದುಹಾಕಿದೆ. ಹದಿನೆಂಟು ಇಪ್ಪತ್ತನೇ ದಿನದ ಹೊತ್ತಿಗೆ ಚೀಟಿ ಓದಿದರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಮಂಡಲ ದಾಟಿದ್ದು ಒಂಬತ್ತು ಹತ್ತು ಇರಬಹುದು, ಕೊಂಡದ್ದು ಮೂರು. 2023ರಲ್ಲಿ ಏನೂ ಕೊಳ್ಳಲಿಲ್ಲ. ಆ ವರ್ಷ ಪೂಜೆಗೆ ಹಳೆಯವನ್ನೇ ಒರೆಸಿ, ಕುಂಕುಮ ಇಟ್ಟು, ಸಾಲಾಗಿ ಜೋಡಿಸಿದೆ.

ಪುಸ್ತಕ ಇನ್ನೊಂದು ವಿಷಯ ತೋರಿಸಿತು, ಇದನ್ನು ನಾನು ಎಣಿಸಿಯೇ ಇರಲಿಲ್ಲ. 2023ರ ಏಪ್ರಿಲ್ ಮೇನಲ್ಲಿ ಚೀಟಿಗಳ ರಾಶಿ. 2024ರ ಮಾರ್ಚ್ ಏಪ್ರಿಲ್‌ನಲ್ಲಿ ಮತ್ತೆ ಹಾಗೇ. ಎರಡೂ ಚುನಾವಣೆಯ ಸಮಯ. ಅದಕ್ಕೇ ಅಪ್ಪನ 12 ಬೋರ್ ಠಾಣೆಯಲ್ಲಿ ಡಿಪಾಸಿಟ್ ಆಗಿತ್ತು. ಬೀರು ಖಾಲಿಯಾದಾಗ ಕೈ ಬೇರೆಯದನ್ನು ಹುಡುಕುತ್ತಿತ್ತು. ಗೊತ್ತಾದ ಮೇಲೆ ಆ ತಿಂಗಳುಗಳಿಗೆ ಬೇರೆ ಕೆಲಸ ಇಟ್ಟುಕೊಂಡೆ.

ಆ ಕೆಲಸ ಅಂದರೆ ಹಳೇ ಡಯಾನಾ 27. ಒಳಗೆ ತುಕ್ಕು, ಲೆದರ್ ವಾಷರ್ ಒಣಗಿ ಹಪ್ಪಳವಾಗಿತ್ತು. ಅಟ್ಟದಿಂದ ಇಳಿಸಿದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕ್ಲ್ಯಾಂಪ್ ನಾನೇ ಲೇತಿನಲ್ಲಿ ಮಾಡಿಕೊಂಡೆ, ಖರ್ಚು ಮುನ್ನೂರು ರೂಪಾಯಿ. ಇದರ ಟ್ರಿಗರ್ ಗೊತ್ತಲ್ಲ, ಮೂರು ಉಕ್ಕಿನ ಗುಂಡುಗಳ ಮೇಲೆ ನಿಲ್ಲುತ್ತದೆ. ಗುಂಡುಗಳನ್ನು ಗ್ರೀಸ್ ಹಚ್ಚಿ ಅದರದರ ತೂತಿಗೆ ಅಂಟಿಸಿ, ಮೇಲೆ ಕೊಳವೆ ಇಳಿಸಬೇಕು. ಮೊದಲ ಸಲ ಎರಡು ಕೂತವು, ಮೂರನೆಯದು ಹಾರಿ ಲೇತಿನ ಕೆಳಗಿನ ಲೋಹದ ಪುಡಿಯ ರಾಶಿಗೆ ಬಿತ್ತು. ಅಯಸ್ಕಾಂತ ಹಾಕಿದರೆ ಪುಡಿಯೆಲ್ಲ ಎದ್ದು ಬರುತ್ತದೆ, ಗುಂಡು ಕಾಣಲ್ಲ. ಕೊನೆಗೆ ಅಷ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹುಡುಕಿದೆ. ರಾತ್ರಿ ಎರಡಾಗಿತ್ತು. ವಾಷರನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಬೆಳಿಗ್ಗೆ ಮೊದಲ ಪೆಲೆಟ್ ಹೊಡೆದಾಗ ಬಂದ ಆ ಟಪ್ ಸದ್ದು, ಒಣ ಸದ್ದಲ್ಲ, ತುಂಬಿದ ಸದ್ದು. ಆ ಒಂದು ವಾರ ಪುಸ್ತಕದಲ್ಲಿ ಒಂದು ಚೀಟಿಯೂ ಇಲ್ಲ. ನನಗೆ ಬೇಕಿದ್ದದ್ದು ಹೊಸ ಗನ್ ಅಲ್ಲ, ಗನ್ನಿನ ಜೊತೆ ಕಳೆಯುವ ಹೊತ್ತು.

ಪೆಲೆಟ್ ಡಬ್ಬಿ ಮುಗಿಸುವ ನೆಪದಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ಅಕ್ಕಸಾಲಿಗರ ತಕ್ಕಡಿ ತಂದು ಒಂದೊಂದೇ ಪೆಲೆಟ್ ತೂಗಿದೆ. ಜೆಎಸ್‌ಬಿ ಕಂಪನಿಯ 8.44 ಗ್ರೇನ್ ತೂಕದ ಪೆಲೆಟ್ ಡಬ್ಬಿಯಲ್ಲಿ ಹೆಚ್ಚೂಕಡಿಮೆ ಎಲ್ಲ ಒಂದೇ ಗುಂಪಿಗೆ ಬಿದ್ದವು. ಬಿಡಿಯಾಗಿ ತೂಕಕ್ಕೆ ಸಿಗುವ ಅಗ್ಗದವುಗಳಲ್ಲಿ ನಾಲ್ಕೈದು ಗುಂಪಾಯಿತು. ಅಗ್ಗದವನ್ನೇ ತೂಗಿ ವಿಂಗಡಿಸಿ 20 ಮೀಟರಿನಲ್ಲಿ ಹೊಡೆದರೆ ಐದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೂರುತ್ತಿದ್ದವು. ವಿಂಗಡಿಸದಿದ್ದರೆ ಅದರ ಎರಡರಷ್ಟು. ಹೊಸ ಗನ್ ಬೇಕು ಅಂತ ಬರೆದ ಚೀಟಿಗಳಲ್ಲಿ ನಾಲ್ಕೈದರ ಕಾರಣ "ಗುರಿ ಸರಿ ಕೂರುತ್ತಿಲ್ಲ" ಅಂತಿತ್ತು. ತಕ್ಕಡಿಯ ಬೆಲೆ ಏಳುನೂರು. ಇನ್ನೊಂದು ಸಣ್ಣ ಮಾತು: ಮಳೆಗಾಲದಲ್ಲಿ ಗನ್ನನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ತೇವ ಹಿಡಿದು ನನ್ನ ಎರಡು ನಳಿಗೆಗೆ ಬೆರಳಿನ ಗುರುತಿನ ಜಾಗದಲ್ಲೇ ತುಕ್ಕು ಬಂತು. ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಪೊಟ್ಟಣ ಹಾಕಿ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಸುಮ್ನೆ ಬಿದ್ದಿದ್ದ ಹತ್ತು ಗನ್ ನಿಧಾನವಾಗಿ ಮಾರಿದೆ, ಎಂಬತ್ತೈದು ಸಾವಿರದಷ್ಟು ಬಂತು. ಹೊಸ ಮೂರೂ ಆ ದುಡ್ಡಿನಲ್ಲೇ ಬಂದವು, ಸ್ವಲ್ಪ ಮಿಕ್ಕಿತು. ಮೊದಲು ಸೋರುತ್ತಿದ್ದ ದುಡ್ಡಲ್ಲಿ ತಿಂಗಳಿಗೆ ಐದು ಸಾವಿರ ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತಿದೆ, ಹೆಂಡತಿ ಹೆಸರಲ್ಲಿ. ಎರಡೂವರೆ ಲಕ್ಷದ ಹತ್ತಿರ ಬಂದಿದೆ, ಒಂದು ಸಲವೂ ಮುರಿದಿಲ್ಲ. ಈಗ ಮನೆಯಲ್ಲಿರುವ ಹನ್ನೆರಡು ಏರ್‌ಗನ್ನನ್ನೂ ನಾನು ಹೊಡೆಯುತ್ತೇನೆ. ಮೈಸೂರು ಮಂಡ್ಯದಲ್ಲಿ ಇದಕ್ಕಿಂತ ದೊಡ್ಡ ಸಂಗ್ರಹ ಇರುವವರು ಬೇಕಾದಷ್ಟು ಜನ ಇದ್ದಾರೆ. ಹನ್ನೆರಡಕ್ಕೆ ಹನ್ನೆರಡೂ ಇವತ್ತು ತೆಗೆದು ಇವತ್ತೇ ಗುರಿ ಹೊಡೆಯುವ ಸ್ಥಿತಿಯಲ್ಲಿ ಇರುವವರನ್ನು ನಾನು ಕಂಡಿಲ್ಲ.

ಕೈ ತಪ್ಪಿದ್ದೂ ಇದೆ. 2024ರಲ್ಲಿ ಒಂದು ವೆಬ್ಲಿ ಮಾರ್ಕ್ 3 ಏರ್‌ಗನ್ ಮಾರಾಟಕ್ಕೆ ಬಂದಿತ್ತು, ಸ್ಟಾಕ್ (ಮರದ ಹಿಡಿ) ಮೇಲೆ ಒಂದು ಗೀರಿಲ್ಲ. ಮೂವತ್ತನಾಲ್ಕು ಸಾವಿರ ಹೇಳಿದರು. ಚೀಟಿ ಬರೆದೆ. ಇಪ್ಪತ್ತಾರನೇ ದಿನ ಬೇರೆಯವರ ಪಾಲಾಯಿತು. ಎರಡು ದಿನ ಊಟ ಸೇರಲಿಲ್ಲ. ಆ ಚೀಟಿಯನ್ನು ಮಾತ್ರ ಹೊಡೆದುಹಾಕಿಲ್ಲ, ಹಾಗೇ ಇಟ್ಟಿದ್ದೇನೆ. ಮಾರುವವರನ್ನು 48 ದಿನ ಹಿಡಿದಿಡುವುದು ಹೇಗೆ ಅಂತ ಅದಾದ ಮೇಲೆ ಒಂದು ದಾರಿ ಕಂಡುಕೊಂಡಿದ್ದೇನೆ, ಎದುರು ಸಿಕ್ಕಾಗ ಹೇಳುತ್ತೇನೆ.

ಈಗ ಪುಸ್ತಕದಲ್ಲಿ ನಾಲ್ಕು ಚೀಟಿ ಬದುಕಿವೆ. ಅದರಲ್ಲಿ ಒಂದು ಬಿಎಸ್‌ಎ ಮೀಟಿಯರ್ ಏರ್‌ಗನ್ನಿನದು, ಇವತ್ತಿಗೆ ಮೂವತ್ತೊಂದನೇ ದಿನ. ಡಬ್ಬಿಯಲ್ಲಿ ಇನ್ನೂರಾ ಹತ್ತು ಪೆಲೆಟ್ ಉಳಿದಿವೆ.